ಪ್ಲೇಗು ಬಿಟ್ಟುಹೋದ ಬಯಲು

ಬೆಂಗಳೂರಿನ ದಂಡು ಪ್ರದೇಶದ ಅಗಲ ಬೀದಿ, ಎತ್ತರದ ಪಾಯ, ಮನೆ ಸುತ್ತಲ ಖಾಲಿ ಜಾಗ, ಬಡಾವಣೆಯ ನಡುವಿನ ಪಾರ್ಕು ಬರೀ ಅಂದಕ್ಕಾಗಿ ಬಂದವಲ್ಲ. ಇಲಿಯಿಂದ ಹರಡಿದ ರೋಗ ಸಾವಿರಾರು ಜೀವ ತೆಗೆದುಕೊಂಡ ಮೇಲೆ ಸರ್ಕಾರ ಕಲಿತ ಪಾಠದ ಗುರುತುಗಳಿವು.

ಫ್ರೇಜರ್ ಟೌನ್‌ನ ಸ್ಟೀಫನ್ಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರಿನ ಹಿಂದಿರುವ ಜೆ.ಎಚ್. ಸ್ಟೀಫನ್ಸ್ ಯುದ್ಧ ಗೆದ್ದ ದಂಡನಾಯಕರಲ್ಲ, ಗವರ್ನರರೂ ಅಲ್ಲ. ಬೆಂಗಳೂರು ದಂಡಿನ ಆಡಳಿತದಲ್ಲಿ ಎಂಜಿನಿಯರ್ ಆಗಿದ್ದವರು. 1914ರಲ್ಲಿ ಅವರು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬೆಂಗಳೂರಿನಲ್ಲಿ ಪ್ಲೇಗು ತಾಗದ ಪಟ್ಟಣವನ್ನು ಕಟ್ಟುವ ಬಗೆ ಹೇಗೆ ಎಂಬುದೇ ಅದರ ವಿಷಯ. ಇಲಿಯನ್ನು ಕೊಂದು ರೋಗ ತಡೆಯುವ ಮಾತು ಆಗ ಎಲ್ಲೆಡೆ ಇತ್ತು. ಇಲಿ ನೆಲೆಸಲಾಗದಂತೆ ಊರನ್ನೇ ಕಟ್ಟಬೇಕು ಎಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಯೋಚನೆ. ಫ್ರೇಜರ್ ಟೌನ್ ಆ ಯೋಚನೆಯಿಂದ ಹುಟ್ಟಿದ ಊರು.

ಇವತ್ತು ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗೆ ಬೆಂಗಳೂರಿನ ಪೂರ್ವಭಾಗದಲ್ಲಿ ಸಾಗಿದರೆ, ಆ ಯೋಚನೆ ಉಳಿದಿರುವ ಜಾಗಗಳೂ ಕಾಣುತ್ತವೆ, ಅಳಿದಿರುವ ಜಾಗಗಳೂ ಕಾಣುತ್ತವೆ. ಪಾರ್ಕಿನ ಒತ್ತುವರಿ ಎಂದಾಗ ನಮಗೆ ಮರ, ನೆರಳು, ವಾಯುವಿಹಾರ ನೆನಪಾಗುತ್ತವೆ. ಸಾರ್ವಜನಿಕರಿಗೆಂದು ಮೀಸಲಿಟ್ಟ ಬಯಲು ಮೊದಲಿಗೆ ಆರೋಗ್ಯದ ಏರ್ಪಾಡು ಎಂಬುದನ್ನು ಮರೆತಿದ್ದೇವೆ. ಅದನ್ನು ಮತ್ತೆ ನೆನಪಿಗೆ ತಂದುಕೊಳ್ಳಬೇಕಾದ ಕಾಲ ಬಂದಿದೆ.

ಕರಾಚಿಯ ಜೂನ್, ಬೆಂಗಳೂರಿನ ಆಗಸ್ಟ್

ಪ್ಲೇಗಿನ ಸೂಕ್ಷ್ಮಾಣುವನ್ನು ಅಲೆಕ್ಸಾಂಡ್ರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದರು. 1896ರಲ್ಲಿ ರೋಗ ಮುಂಬಯಿಗೆ ಬಂತು. ಅದು ಇಲಿಯಿಂದ ಮನುಷ್ಯನಿಗೆ ದಾಟುವ ದಾರಿ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿ, ಕೊಳಕು ನೆಲ, ರೋಗಿಯ ಬಟ್ಟೆ, ಕಾಳಿನ ಮೂಟೆ ಹೀಗೆ ಒಬ್ಬೊಬ್ಬರು ಒಂದೊಂದರ ಕಡೆ ಬೆರಳು ತೋರಿಸುತ್ತಿದ್ದರು.

1898ರ ಜೂನ್ 2ರಂದು ಕರಾಚಿಯ ಹೋಟೆಲೊಂದರಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಒಂದು ಪ್ರಯೋಗ ಮಾಡಿದರು. ಪ್ಲೇಗಿನಿಂದ ಸಾಯುತ್ತಿದ್ದ, ಮೈತುಂಬ ಚಿಗಟವಿದ್ದ ಇಲಿಯೊಂದನ್ನು ದೊಡ್ಡ ಗಾಜಿನ ಪಾತ್ರೆಯೊಳಗೆ ಬಿಟ್ಟರು. ಅದೇ ಪಾತ್ರೆಯಲ್ಲಿ ಸಣ್ಣ ಜಾಲರಿ ಬೋನಿನೊಳಗೆ ಆರೋಗ್ಯವಂತ ಇಲಿಯನ್ನು ತೂಗುಹಾಕಿದರು. ಎರಡೂ ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಕೆಳಗಿನ ಇಲಿ ಸತ್ತಿತು. ಅದರ ಮೈ ತಣ್ಣಗಾಗುತ್ತಲೇ ಚಿಗಟಗಳು ಅದನ್ನು ಬಿಟ್ಟು ಮೇಲಕ್ಕೆ ಹಾರಿದವು. ಕೆಲವೇ ದಿನಗಳಲ್ಲಿ ಬೋನಿನೊಳಗಿದ್ದ ಇಲಿಯೂ ಪ್ಲೇಗಿನಿಂದ ಸತ್ತಿತು. ಗುಟ್ಟು ರಟ್ಟಾಯಿತು. ಆದರೆ ನಂಬುವವರು ಸಿಗಲಿಲ್ಲ. ಸರ್ಕಾರ ನೇಮಿಸಿದ ಭಾರತೀಯ ಪ್ಲೇಗು ಆಯೋಗವೇ ಆ ವಾದವನ್ನು ಪಕ್ಕಕ್ಕಿಟ್ಟಿತು.

ಕರಾಚಿಯ ಆ ಪ್ರಯೋಗ ನಡೆದು ಎರಡು ತಿಂಗಳು ಕಳೆದಿತ್ತಷ್ಟೆ, ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು.

ಆಗಿನ ಬೆಂಗಳೂರು ಒಂದು ಊರಲ್ಲ, ಎರಡು. ಪೇಟೆ ಮೈಸೂರು ಅರಸರ ಆಡಳಿತಕ್ಕೆ ಸೇರಿತ್ತು. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು, 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದ ಮೇಲೂ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿದಿತ್ತು. ಎರಡು ಸರ್ಕಾರ, ಎರಡು ಮುನಿಸಿಪಾಲಿಟಿ, ಎರಡು ಬಗೆಯ ನಿಯಮ. ದಂಡಿನೊಳಗೂ ಎರಡು ಲೋಕಗಳಿದ್ದವು. ಪೆರೇಡ್ ಮೈದಾನದ ಸುತ್ತ ವಿಶಾಲ ಕಾಂಪೌಂಡಿನ ಬಂಗಲೆಗಳು. ಬ್ಲ್ಯಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರದಲ್ಲೂ ಹಲಸೂರಿನ ಹಳೆಯ ಬೀದಿಗಳಲ್ಲೂ ಗೋಡೆಗೆ ಗೋಡೆ ಅಂಟಿದ ಮನೆಗಳು. ಪಡೆಗೆ ಬಟ್ಟೆ ಹೊಲಿದವರು, ಅಡುಗೆ ಮಾಡಿದವರು, ಕುದುರೆ ನೋಡಿಕೊಂಡವರು, ಕಾಳು ಮಾರಿದವರು ಇರುತ್ತಿದ್ದುದು ಈ ಎರಡನೆಯ ಲೋಕದಲ್ಲಿ. ಪ್ಲೇಗು ಹೊಕ್ಕದ್ದು ಮುಖ್ಯವಾಗಿ ಇಂಥ ಇಕ್ಕಟ್ಟಿಗೆ.

ಆ ದಶಕದ ಪೆಟ್ಟು ಜನಗಣತಿಯ ಲೆಕ್ಕದಲ್ಲೇ ಕಾಣುತ್ತದೆ. 1891ರಲ್ಲಿ ದಂಡಿನ ಜನಸಂಖ್ಯೆ 1,00,081. 1901ರಲ್ಲಿ ಅದು 89,599ಕ್ಕೆ ಇಳಿದಿತ್ತು. ಪೇಟೆಯಲ್ಲಿ 80,285 ಇದ್ದದ್ದು 69,447 ಆಯಿತು. ಇಳಿದವರೆಲ್ಲ ಸತ್ತವರಲ್ಲ, ಹೆದರಿ ಊರು ಬಿಟ್ಟವರೂ ಇದರಲ್ಲಿ ಸೇರಿದ್ದಾರೆ. ಬೆಳೆಯುತ್ತಿದ್ದ ನಗರವೊಂದು ಹತ್ತು ವರ್ಷದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತೆಂದರೆ ಆ ದಿನಗಳ ತಲ್ಲಣ ಎಷ್ಟಿದ್ದಿರಬೇಕು!

ಜನರ ಬೆನ್ನುಹತ್ತಿದ ನಿಯಮಗಳು

ಸರ್ಕಾರದ ಕೈಯಲ್ಲಿ ಆಗ ಇದ್ದ ಅಸ್ತ್ರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬರೀ ನಾಲ್ಕು ಸೆಕ್ಷನ್ನುಗಳ ಪುಟ್ಟ ಕಾನೂನು ಅದು. ರೋಗ ತಡೆಯಲು ಬೇಕೆನಿಸಿದ ಯಾವ ಕ್ರಮವನ್ನಾದರೂ ಅಧಿಕಾರಿ ಕೈಗೊಳ್ಳಬಹುದು, ಮೀರಿದವರಿಗೆ ದಂಡನೆ, ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗೆ ರಕ್ಷಣೆ. ಇಷ್ಟೇ ಅದರ ತಿರುಳು. ಜನರಿಗೆ ಏನು ಸಿಗಬೇಕು, ಮನೆ ಕಳೆದುಕೊಂಡವರಿಗೆ ಯಾರು ಆಸರೆ ಎಂಬ ಮಾತು ಅದರಲ್ಲಿರಲಿಲ್ಲ. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಸಾಂಕ್ರಾಮಿಕ ರೋಗಗಳ ಕಾನೂನನ್ನು ತಂದಿತು. ಮುಂದಿನ ಮಹತ್ವದ ಬದಲಾವಣೆಗೆ ನಾವು 2020ರವರೆಗೆ ಕಾಯಬೇಕಾಯಿತು. ಕರ್ನಾಟಕ ತನ್ನದೇ ಹೊಸ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದ್ದು ಕೋವಿಡ್ ಬಂದ ಆ ವರ್ಷ.

ನಿಯಮ ಜಾರಿಯಾದ ಬಗೆ ಕಠೋರವಾಗಿತ್ತು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಊರಾಚೆಯ ಶಿಬಿರಕ್ಕೂ ಸಾಗಿಸುವುದು, ಹೆಂಚು ಕಳಚಿ ಮನೆಯೊಳಗೆ ಬಿಸಿಲು ಬೀಳಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ಹಾಸಿಗೆ ಬಟ್ಟೆ ಸುಡುವುದು. ಬಿಸಿಲು, ಸುಣ್ಣದಿಂದ ಒಂದಿಷ್ಟು ಪ್ರಯೋಜನವಿತ್ತು. ಆದರೆ ಹೆಂಗಸರ ಮೈ ಮುಟ್ಟಿ ತಪಾಸಣೆ ಮಾಡಿದ ರೀತಿ, ಸತ್ತವರ ಸಂಸ್ಕಾರಕ್ಕೂ ಅಡ್ಡಬಂದ ಗಡಿಬಿಡಿ ಜನರ ಮನಸ್ಸನ್ನು ಗಾಯಗೊಳಿಸಿದವು. ಪುಣೆಯಲ್ಲಿ 1897ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ವಾಲ್ಟರ್ ರ್‍ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದದ್ದು ಇದೇ ಸಿಟ್ಟಿನಿಂದ. ನಮ್ಮ ಶ್ರೀರಂಗಪಟ್ಟಣದ ಗಂಜಾಂನಲ್ಲೂ 1898ರಲ್ಲಿ ಪ್ಲೇಗು ನಿಯಮಗಳ ವಿರುದ್ಧ ಜನ ತಿರುಗಿಬಿದ್ದರು.

ದಿವಾನ್ ಶೇಷಾದ್ರಿ ಅಯ್ಯರ್ ಆಡಳಿತದಲ್ಲಿ ಸಂಸ್ಥಾನದ ಪ್ಲೇಗು ಕಮಿಷನರ್ ಆದವರು ವಿ.ಪಿ. ಮಾಧವರಾವ್. ಮುಂದೆ ಅವರೇ ದಿವಾನರಾದರು. ರೋಗ ತಡೆಯುವ ಕೆಲಸವನ್ನು ಒಂದುಗೂಡಿಸಲೆಂದು 1898ರಲ್ಲಿ ಬೆಂಗಳೂರಿಗೆ ಟೆಲಿಫೋನ್ ತಂತಿ ಎಳೆದರು. ಶಿಬಿರಗಳಲ್ಲಿ ರೋಗಿಗಳ ನಡುವೆ ನಿಂತ ವೈದ್ಯರಲ್ಲಿ ಡಾ. ಪದ್ಮನಾಭನ್ ಪಲ್ಪು ಒಬ್ಬರು. ಈಳವ ಜಾತಿಯಲ್ಲಿ ಹುಟ್ಟಿದರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಟ್ಟಿರಲಿಲ್ಲ. ಮೈಸೂರು ಕೊಟ್ಟಿತು. ಸ್ವಂತ ಊರು ಬೇಡವೆಂದ ವೈದ್ಯ, ಬಂಧುಗಳೇ ಹತ್ತಿರ ಸುಳಿಯಲು ಹೆದರುತ್ತಿದ್ದ ಬೆಂಗಳೂರಿನ ರೋಗಿಗಳ ಮೈ ಮುಟ್ಟಿ ಆರೈಕೆ ಮಾಡಿದರು. ಪಲ್ಪು ಅವರನ್ನು ಕೇರಳ ಸಮಾಜ ಸುಧಾರಕರೆಂದು ಗೌರವಿಸುತ್ತದೆ. ಬೆಂಗಳೂರು ಅವರನ್ನು ತನ್ನ ವೈದ್ಯನೆಂದು ನೆನೆಯಬೇಕು.

ಜನರ ಬೆನ್ನುಹತ್ತುವ ನಿಯಮದಲ್ಲಿ ಒಂದು ದೊಡ್ಡ ದೋಷವಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ ಎಂಬುದು ಹಳ್ಳಿಯ ಜನಕ್ಕೆ ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. ಇಲಿ ಬಿತ್ತೆಂದರೆ ಸಾಕು, ಪಾತ್ರೆ ಪಗಡ ಹೊತ್ತು ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹಳೆ ಮೈಸೂರಿನ ಅನೇಕ ಮನೆತನಗಳಲ್ಲಿ 'ಪ್ಲೇಗಿನ ಶೆಡ್ಡು' ಎಂಬ ಮಾತು ಮೊನ್ನೆ ಮೊನ್ನೆಯವರೆಗೂ ಕೇಳಿಬರುತ್ತಿತ್ತು. ಆ ತಿಳಿವಳಿಕೆಯೇ ಅತ್ಯುತ್ತಮ ಮುನ್ಸೂಚನೆಯಾಗಬಹುದಿತ್ತು. ಆದರೆ ಇಲಿ ಬಿದ್ದ ಸುದ್ದಿ ಹೇಳಿದರೆ ಮನೆಯ ಹೆಂಚು ಹಾರುತ್ತದೆ, ಮಗುವನ್ನು ಶಿಬಿರಕ್ಕೆ ಒಯ್ಯುತ್ತಾರೆ ಎಂದಾದರೆ ಹೇಳುವವರು ಯಾರು? ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಬಚ್ಚಿಟ್ಟರು. ರೋಗ ಒಳಗೊಳಗೇ ಹರಡಿತು.

ಇಲಿಗೆ ಬೆಲೆ ಕಟ್ಟಿದ ಊರುಗಳ ಕಥೆಯೂ ಅಷ್ಟೇ. ವಿಯೆಟ್ನಾಮಿನ ಹನೋಯ್‌ನಲ್ಲಿ 1902ರಲ್ಲಿ ಫ್ರೆಂಚ್ ಆಡಳಿತ ಇಲಿಯ ಬಾಲ ತಂದವರಿಗೆ ಹಣ ಕೊಟ್ಟಿತು. ಬಾಲ ಕತ್ತರಿಸಿ ಇಲಿಯನ್ನು ಮರಿ ಹಾಕಲು ಬಿಟ್ಟವರು, ಹಣಕ್ಕಾಗಿ ಇಲಿ ಸಾಕಿದವರು ಅಲ್ಲಿ ಸಿಕ್ಕಿಬಿದ್ದರು. ಯೋಜನೆ ಕೈಬಿಡಬೇಕಾಯಿತು.

ಚಿಗಟ ಯಾಕೆ ಹಾರುತ್ತದೆ

ಸಿಮಾಂಡರ ಮಾತು ನಿಜವೆಂದು ಸಾಬೀತಾಗಲು ಇನ್ನೂ ಏಳೆಂಟು ವರ್ಷ ಬೇಕಾದವು. 1905ರಲ್ಲಿ ಶುರುವಾದ ಹೊಸ ಸಂಶೋಧನಾ ತಂಡ ಮುಂಬಯಿಯ ಪರೇಲ್‌ನಲ್ಲಿ ಪುಟ್ಟ ಪುಟ್ಟ ಮನೆಗಳನ್ನೇ ಕಟ್ಟಿಸಿತು. ಒಳಗೆ ಗಿನಿ ಇಲಿಗಳನ್ನು ಬಿಟ್ಟು, ಚಾವಣಿಯ ಬಗೆ ಬದಲಿಸಿ, ಚಿಗಟ ಇರುವಂತೆಯೂ ಇರದಂತೆಯೂ ಮಾಡಿ ನೋಡಿತು. ಚಿಗಟ ಇದ್ದಲ್ಲಿ ರೋಗ ಹರಡಿತು. ಚಿಗಟ ಇಲ್ಲದಲ್ಲಿ ರೋಗದ ಪ್ರಾಣಿಯ ಪಕ್ಕದಲ್ಲೇ ಇದ್ದರೂ ಹರಡಲಿಲ್ಲ.

ಒಳಗಿನ ವ್ಯಾಪಾರ ಹೀಗೆ. ಪ್ಲೇಗಿನ ಇಲಿಯ ರಕ್ತ ಹೀರಿದ ಚಿಗಟದ ಹೊಟ್ಟೆಯ ಬಾಯಲ್ಲಿ ಸೂಕ್ಷ್ಮಾಣುಗಳು ಬೆಳೆದು ಬಿರಡೆಯಂತೆ ಅಡ್ಡಗಟ್ಟುತ್ತವೆ. ಹೀರಿದ ರಕ್ತ ಒಳಗೆ ಇಳಿಯುವುದಿಲ್ಲ, ಹಸಿವು ಹಿಂಗುವುದಿಲ್ಲ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಹಿಂದಕ್ಕೆ ಚಿಮ್ಮುವ ರಕ್ತದೊಡನೆ ಸೂಕ್ಷ್ಮಾಣುಗಳು ಗಾಯಕ್ಕೆ ಇಳಿಯುತ್ತವೆ. ಬೇಕಟ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟದ್ದು 1914ರಲ್ಲಿ, ಸ್ಟೀಫನ್ಸ್ ಪುಸ್ತಕ ಬಂದ ವರ್ಷವೇ. ಇಲಿ ಬದುಕಿರುವಷ್ಟು ದಿನ ಚಿಗಟ ಅದರ ಮೈಯಲ್ಲೇ ಇರಲು ಬಯಸುತ್ತದೆ. ಇಲಿ ಸತ್ತು ಮೈ ತಣ್ಣಗಾದ ಮೇಲೆ ಬೇರೆ ಬಿಸಿ ಮೈ ಹುಡುಕುತ್ತದೆ. ಸುತ್ತಲ ಇಲಿಗಳೆಲ್ಲ ಸತ್ತಿದ್ದರೆ ಅದಕ್ಕೆ ಸಿಗುವುದು ಮನುಷ್ಯ.

ಆದ್ದರಿಂದಲೇ ಪ್ಲೇಗು ಕಾಣಿಸಿಕೊಂಡ ಜಾಗದಲ್ಲಿ ಚಿಗಟವನ್ನು ಕೊಲ್ಲದೆ ಬರೀ ಇಲಿಯನ್ನು ಕೊಲ್ಲುವುದು ಅಪಾಯಕಾರಿ. ಪಾಷಾಣ ಇಟ್ಟು ನೂರು ಇಲಿ ಕೊಂದರೆ ಅವುಗಳ ಮೈಯ ಚಿಗಟಗಳನ್ನು ಮನೆಯವರ ಮೇಲೆ ಬಿಟ್ಟಂತಾಗುತ್ತದೆ. ಮೊದಲು ಚಿಗಟಕ್ಕೆ ಮದ್ದು, ಆಮೇಲೆ ಇಲಿಗೆ ಬೋನು ಎಂಬುದು ಇಂದಿನ ಪ್ಲೇಗು ನಿಯಂತ್ರಣದ ಮೂಲ ನಿಯಮ. ಇವೆರಡಕ್ಕಿಂತ ಮೊದಲು ಬರಬೇಕಾದ್ದು ಇನ್ನೊಂದಿದೆ. ಇಲಿ ಮನುಷ್ಯನ ಹಾಸಿಗೆಯ ಪಕ್ಕ ವಾಸಿಸದಂತೆ ನೋಡಿಕೊಳ್ಳುವುದು.

ಇಲಿ ತೋಡಲಾಗದ ನೆಲ

ಹಳೆಯ ಬ್ಲ್ಯಾಕ್‌ಪಲ್ಲಿಯ ಒಂದು ಸಾಮಾನ್ಯ ಮನೆಯನ್ನು ಇಲಿಯ ಕಣ್ಣಿನಿಂದ ನೋಡಿದರೆ ಇದು ಅರ್ಥವಾಗುತ್ತದೆ. ಮಣ್ಣುಗಾರೆಯ ಗೋಡೆ, ಹಲ್ಲಿಗೆ ಸುಲಭ. ಸಗಣಿ ಸಾರಿಸಿದ ಮಣ್ಣಿನ ನೆಲ, ಉಗುರಿಗೆ ಸುಲಭ. ನಾಡಹೆಂಚಿನ ಪದರಗಳ ನಡುವೆ ಬೆಚ್ಚನೆಯ ಗೂಡು. ಬಿದಿರಿನ ಅಟ್ಟದ ಮೇಲೆ ಅಕ್ಕಿ, ರಾಗಿ ಮೂಟೆ. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆಯಾದ್ದರಿಂದ ಬೀದಿಯ ಈ ತುದಿಯಿಂದ ಆ ತುದಿಗೆ ನೆಲಕ್ಕಿಳಿಯದೆ ಓಡಾಟ. ಬಚ್ಚಲ ಮೋರಿ ಬೀದಿಯ ಕಚ್ಚಾ ಚರಂಡಿಗೆ ತೆರೆದುಕೊಳ್ಳುತ್ತದೆ. ಅರ್ಧ ಅಂಗುಲದ ಕಿಂಡಿ ಇದ್ದರೆ ಇಲಿ ಮೈ ಸಣ್ಣಗೆ ಮಾಡಿಕೊಂಡು ನುಸುಳುತ್ತದೆ. ಅದರ ಬಾಚಿಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುವುದರಿಂದ ಕಡಿಯದೆ ಅದಕ್ಕೆ ವಿಧಿಯಿಲ್ಲ. ಮೂರು ವಾರ ಗರ್ಭ ಹೊತ್ತರೆ ಒಂದು ಹೆರಿಗೆ, ಪ್ರತಿ ಹೆರಿಗೆಗೂ ಹಲವು ಮರಿ. ಇಂಥ ಮನೆಯಲ್ಲಿ ಬೋನಿಗೆ ಬಿದ್ದ ಒಂದು ಇಲಿಯ ಜಾಗಕ್ಕೆ ಇನ್ನೊಂದು ಬರಲು ತಡವಾಗುವುದಿಲ್ಲ.

1906ರಲ್ಲಿ ಪಾಪರೆಡ್ಡಿಪಾಳ್ಯದ ಕಡೆ ಹೊಸ ಬಡಾವಣೆಯೊಂದು ಆರಂಭವಾಯಿತು. ಮೈಸೂರಿನ ರೆಸಿಡೆಂಟರಾಗಿದ್ದ, ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಅದಕ್ಕೆ ಬಂತು. ಅಲ್ಲಿನ ಮನೆಗಳಲ್ಲಿ ಇಲಿ ಬಿಲ ತೋಡಲಾಗದ ಗಟ್ಟಿ ಅಡಿಪಾಯ, ಬೀದಿಯ ಮಟ್ಟಕ್ಕಿಂತ ಎತ್ತರದ ಪಾಯ, ಗಾಳಿ ಬೆಳಕಿಗೆ ಕಿಟಕಿ, ಮನೆಗೂ ಮನೆಗೂ ನಡುವೆ ತೆರಪು ಇರಬೇಕೆಂಬುದು ಯೋಜನೆಯ ಜೀವಾಳ. ಬೀದಿ ಅಗಲ, ಚರಂಡಿ ಗಟ್ಟಿ. ಸುತ್ತಲೂ ಖಾಲಿ ಜಾಗವಿದ್ದರೆ ಇಲಿ ಮನೆಯಿಂದ ಮನೆಗೆ ಮರೆಯಲ್ಲಿ ಹೋಗಲಾರದು. ಬಯಲಿಗೆ ಬಂದ ಇಲಿಗೆ ಬೆಕ್ಕು, ಗೂಬೆ, ನಾಯಿ ಕಾದಿರುತ್ತವೆ. ಕಾಳು ಕಡ್ಡಿ, ಕಸ ಸಿಗದ ಬಯಲಿನಲ್ಲಿ ಅದಕ್ಕೆ ಹೊಟ್ಟೆಪಾಡೂ ಇಲ್ಲ. ಬಯಲು ಅಂದರೆ ಇಲಿಗೂ ಮನುಷ್ಯನಿಗೂ ನಡುವೆ ಎಳೆದ ಗೆರೆ.

ಮುಂದೆ ಹತ್ತಿರದಲ್ಲೇ ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್ ಬೆಳೆದವು. ರಿಚರ್ಡ್ಸ್ ಪಾರ್ಕು, ಕೋಲ್ಸ್ ಪಾರ್ಕುಗಳು ಇವತ್ತಿಗೂ ಆ ಭಾಗದ ಉಸಿರು. ಸಂಸ್ಥಾನದ ಕಡೆ ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡದ್ದೂ ಪ್ಲೇಗಿನ ನಂತರವೇ. ಮುಂಬಯಿಯಲ್ಲಿ 1898ರಲ್ಲಿ, ಮೈಸೂರು ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟುಗಳು ಹುಟ್ಟಿದ ಹಿನ್ನೆಲೆಯೂ ಇದೇ ರೋಗ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1907ರಲ್ಲಿ ಮತ್ತೆ ಪ್ಲೇಗು ತಲೆ ಎತ್ತಿದಾಗ ವೈದ್ಯ ರೂಪರ್ಟ್ ಬ್ಲೂ ನೇತೃತ್ವದಲ್ಲಿ ಇಲಿ ಹಿಡಿಯುವುದರ ಜೊತೆಗೆ ಮನೆಗಳ ನೆಲಕ್ಕೆ ಕಾಂಕ್ರೀಟು ಹಾಕಿಸಿದರು. ಒಂದೇ ಕಾಲದಲ್ಲಿ, ಬೇರೆ ಬೇರೆ ಖಂಡಗಳಲ್ಲಿ, ಜನ ಒಂದೇ ತೀರ್ಮಾನಕ್ಕೆ ಬಂದಿದ್ದರು.

ಪ್ಲೇಗು ತಗ್ಗಲು ಹೊಸ ಬಡಾವಣೆಗಳು ಮಾತ್ರ ಕಾರಣವೆಂದು ಹೇಳಲಾಗದು. ವಿಜ್ಞಾನಿ ಹಾಫ್ಕಿನ್ 1897ರಲ್ಲಿ ಮುಂಬಯಿಯಲ್ಲಿ ತಯಾರಿಸಿದ ಲಸಿಕೆ, ಬಿಲಗಳಿಗೆ ಊದಿದ ವಿಷದ ಹೊಗೆ, 1940ರ ದಶಕದ ನಂತರ ಬಂದ ಡಿಡಿಟಿ ಮತ್ತು ಹೊಸ ಔಷಧಿಗಳೆಲ್ಲ ಸೇರಿ ರೋಗವನ್ನು ಹಿಮ್ಮೆಟ್ಟಿಸಿದವು. ಆದರೂ ಒಂದು ವ್ಯತ್ಯಾಸವಿದೆ. ಬೋನನ್ನು ದಿನವೂ ಇಡಬೇಕು, ವಿಷವನ್ನು ಮತ್ತೆ ಮತ್ತೆ ಹಾಕಬೇಕು. ಗಟ್ಟಿ ನೆಲ, ಅಗಲ ಬೀದಿ, ಬಯಲು ಇವನ್ನು ಒಮ್ಮೆ ಮಾಡಿಟ್ಟರೆ ತಲೆಮಾರುಗಟ್ಟಲೆ ಕಾಯುತ್ತವೆ.

ನೆರಳು ಸಿಗದವರು

ಈ ಒಳ್ಳೆಯ ಏರ್ಪಾಡು ಎಲ್ಲರಿಗೂ ಸಿಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಎತ್ತರದ ಪಾಯ, ಗಟ್ಟಿ ಅಡಿಪಾಯದ ಮನೆ ಕಟ್ಟಲು ಕೈಯಲ್ಲಿ ಕಾಸಿರಬೇಕು. ಕಾಸಿದ್ದವರು ಹೊಸ ಬಡಾವಣೆಗೆ ಹೋದರು. ಇಲ್ಲದವರು ಹಳೆಯ ಓಣಿಗಳಲ್ಲೇ ಉಳಿದರು. ರೋಗ ಹೆಚ್ಚು ಕಾಡಿದವರಿಗೆ ಅದರಿಂದ ಪಾರಾಗುವ ದಾರಿ ಕಡಿಮೆ ಸಿಕ್ಕಿತು.

ಆ ಕಾಲದ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ 'ಕನ್ಸರ್ವೆನ್ಸಿ' ಎಂಬ ಕಿರಿದಾದ ಓಣಿ ಇರುತ್ತಿತ್ತು. ಮಲ್ಲೇಶ್ವರದಲ್ಲಿ ಇಂದಿಗೂ ನೋಡಬಹುದು. ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದ ಬಂದು ಕಕ್ಕಸು ತೆಗೆಯುವವರಿಗಾಗಿ ಬಿಟ್ಟ ದಾರಿ ಅದು. ಜಾತಿಯ ಹೆಸರಿನಲ್ಲಿ ಕೆಲವರ ತಲೆಗೇ ಕಟ್ಟಿದ ಕೆಲಸ. ಊರನ್ನು ಪ್ಲೇಗಿನಿಂದ ಕಾಪಾಡಿದವರಲ್ಲಿ ಮೊದಲ ಸಾಲು ಅವರದು. ಅವರ ಹೆಸರಿನಲ್ಲಿ ಒಂದು ರಸ್ತೆಯೂ ಇಲ್ಲ. ಕೈಯಿಂದ ಮಲ ಎತ್ತಿಸುವುದನ್ನು 2013ರ ಕಾಯ್ದೆ ಸಂಪೂರ್ಣ ನಿಷೇಧಿಸಿದೆ. ಆದರೂ ಮ್ಯಾನ್‌ಹೋಲಿಗೆ ಇಳಿದವರ ಸಾವಿನ ಸುದ್ದಿ ನಿಂತಿಲ್ಲ. ಸಾರ್ವಜನಿಕ ಆರೋಗ್ಯದ ಯಾವ ಲೆಕ್ಕವನ್ನು ಮಾಡುವಾಗಲೂ ಈ ಋಣವನ್ನು ಮೊದಲು ಬರೆದುಕೊಳ್ಳಬೇಕು.

ಬಯಲಿಗೆ ಕಾನೂನಿನ ಕಾವಲು

ಬಯಲನ್ನು ಮೀಸಲಿಡುವುದು ಒಂದು ಕೆಲಸ. ಉಳಿಸಿಕೊಳ್ಳುವುದು ಇನ್ನೊಂದು. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕು ಪೇಟೆ ಮತ್ತು ದಂಡಿನ ನಡುವೆ ಹಸಿರು ನೆಲವಾಗಿ ಹಬ್ಬಿತ್ತು. ಅದರ ಅಂಚುಗಳನ್ನು ಕಟ್ಟಡಗಳು ಒಂದೊಂದಾಗಿ ಕಚ್ಚುತ್ತಾ ಬಂದಾಗ 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಸಣ್ಣ ಪುಟ್ಟ ಪಾರ್ಕುಗಳಿಗಾಗಿ 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯಾಯಿತು.

1945ರ ಬೆಂಗಳೂರು ನಗರಾಭಿವೃದ್ಧಿ ಕಾಯ್ದೆಯ ಟ್ರಸ್ಟ್ ಬೋರ್ಡಿನ ಜಾಗಕ್ಕೆ 1976ರ ಕಾಯ್ದೆಯಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಆ ಕಾಯ್ದೆಯ ಪ್ರಕಾರ ಬಿಡಿಎ ರೂಪಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟು ಪಾರ್ಕು ಮತ್ತು ಆಟದ ಮೈದಾನಕ್ಕೆ ಮೀಸಲು. ಅದಲ್ಲದೆ ಕನಿಷ್ಠ ಶೇ. 10ರಷ್ಟು ನಾಗರಿಕ ಸೌಲಭ್ಯಗಳಿಗೆ. ಪಾರ್ಕಿಗೆಂದು ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ಮಾರಿದರೆ ಆ ವ್ಯವಹಾರವೇ ಅಸಿಂಧು ಎಂದು ಸೆಕ್ಷನ್ 38ಎ ಹೇಳುತ್ತದೆ.

ಕಾನೂನಿಗೆ ಬಲ ಬಂದದ್ದು ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಸುತ್ತಲಿನ ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಮಂಜೂರಾತಿ ಸಲ್ಲದೆಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಪ್ರಸಿದ್ಧವಾದ ಈ ತೀರ್ಪು ಇಂದಿಗೂ ದೇಶದ ಪಾರ್ಕುಗಳ ರಕ್ಷಾಕವಚ. ಆಸ್ಪತ್ರೆಯೂ ಜನಹಿತವೇ ತಾನೆ ಎಂಬ ವಾದ ಅಲ್ಲಿ ಬಂದಿತ್ತು. ಬಯಲು ಮತ್ತು ಶುದ್ಧ ಗಾಳಿ ಕೂಡ ಜನರ ಆರೋಗ್ಯವೇ, ಅದನ್ನು ಕಳೆದುಕೊಳ್ಳುವವರಿಗೆ ಪ್ರಶ್ನಿಸುವ ಹಕ್ಕಿದೆ ಎಂದು ನ್ಯಾಯಾಲಯ ಒಪ್ಪಿತು. ಪ್ಲೇಗಿನ ಕಾಲದ ಎಂಜಿನಿಯರುಗಳಿಗೆ ಗೊತ್ತಿದ್ದ ಸತ್ಯಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬಿತ್ತು.

ಇಲಿ ಹೋಗಿಲ್ಲ

ಭಾರತದಲ್ಲಿ 1896ರ ನಂತರದ ದಶಕಗಳಲ್ಲಿ ಪ್ಲೇಗು ಸುಮಾರು 1 ಕೋಟಿ 20 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. 1966ರಲ್ಲಿ ಕರ್ನಾಟಕದಲ್ಲಿ ವರದಿಯಾದ ಪ್ರಕರಣದ ನಂತರ ದೇಶ ನಿಟ್ಟುಸಿರು ಬಿಟ್ಟಿತು. ಆದರೆ 1994ರಲ್ಲಿ ಸೂರತ್‌ನಲ್ಲಿ ರೋಗದ ಸುದ್ದಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟರು. ಕೋಲಾರದ ಆಚೆಗಿನ ಮೂರು ರಾಜ್ಯಗಳ ಗಡಿ ಸೀಮೆ ಹಳೆಯ ಪ್ಲೇಗು ನೆಲೆಯಾದ್ದರಿಂದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಪ್ಲೇಗು ಕಣ್ಗಾವಲು ಘಟಕ ಬೆಂಗಳೂರಿನಲ್ಲೇ ಇದೆ. ಹಳೆ ಮದ್ರಾಸ್ ರಸ್ತೆಯಲ್ಲಿ, ಇಂದಿರಾನಗರದ ಅಂಚಿನಲ್ಲಿ, ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೂ ಇದೆ.

ಇಂದು ನಮ್ಮನ್ನು ಹೆಚ್ಚು ಕಾಡುವುದು ಇಲಿ ಜ್ವರ. ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಾಣು ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ನೆಲೆಸಿ ಮೂತ್ರದ ಜೊತೆ ಹೊರಬರುತ್ತದೆ. ಮಳೆ ನೀರಿಗೆ ಸೇರಿ, ಕಾಲಿನ ಗಾಯ ಅಥವಾ ನೀರಲ್ಲಿ ನೆನೆದು ಮೆತ್ತಗಾದ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಬೇಗ ಗುರುತಿಸಿದರೆ ಔಷಧಿಗೆ ಬಗ್ಗುವ ರೋಗ. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಪೆಟ್ಟು.

ಪೂರ್ವ ಬೆಂಗಳೂರಿನಲ್ಲಿ ಇದಕ್ಕೆ ಹದವಾದ ನೆಲ ನಾವೇ ಸಿದ್ಧ ಮಾಡಿದ್ದೇವೆ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ ಸುತ್ತ ತರಕಾರಿ, ಮಾಂಸದ ಕಸ ರಾತ್ರಿ ಪೂರ್ತಿ ಬಿದ್ದಿದ್ದರೆ ಹೆಗ್ಗಣಕ್ಕೆ ಅದೇ ಅನ್ನಛತ್ರ. ಇಂದಿರಾನಗರದಲ್ಲಿ ಮನೆಗಳು ಹೋಟೆಲುಗಳಾದ ಬೀದಿಗಳಲ್ಲಿ ಅಡುಗೆ ಮನೆಯ ಕಸ ಹಿಂಬಾಗಿಲಿನಲ್ಲಿ ರಾಶಿ ಬೀಳುತ್ತದೆ. ಕೆ.ಆರ್. ಪುರದ ಕಥೆ ಇನ್ನೂ ಕಷ್ಟದ್ದು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರುವ ಮೊದಲೇ ಅಲ್ಲಿ ಹೊಲಗಳು ರೆವಿನ್ಯೂ ಸೈಟುಗಳಾಗಿದ್ದವು. ಪಾರ್ಕಿಗೆ ಜಾಗ ಬಿಡದ, ಚರಂಡಿಗೆ ಅಳತೆ ನೋಡದ ಬೀದಿಗಳು. ಹೊರಮಾವಿನ ಸಾಯಿ ಲೇಔಟಿನಂಥ ತಗ್ಗಿನಲ್ಲಿ ಜೋರು ಮಳೆ ಬಂದಾಗಲೆಲ್ಲ ನೀರು ಮನೆಗೆ ನುಗ್ಗುತ್ತದೆ. ಬಿಲಕ್ಕೆ ನೀರು ನುಗ್ಗಿದರೆ ಇಲಿಯೂ ಮನೆಗೇ ಬರುತ್ತದೆ. ನೂರು ವರ್ಷಗಳ ಹಿಂದೆ ಹಠ ಹಿಡಿದು ಬಿಟ್ಟ ತೆರಪನ್ನು ಅಲ್ಲಿ ಯಾರೂ ಬಿಡಲಿಲ್ಲ.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ. ಪೇಟೆ ಮತ್ತು ದಂಡಿನ ಆಡಳಿತಗಳು ಒಂದಾಗಿ 1949ರಲ್ಲಿ ಒಂದೇ ಪಾಲಿಕೆಯಾದ ಊರು ಮತ್ತೆ ಹಂಚಿಹೋಗಿದೆ. ಪಾಲಿಕೆ ಎಷ್ಟಾದರೂ ಇರಲಿ, ಇಲಿಗೆ ಗಡಿಯಿಲ್ಲ. ಕಸ, ಚರಂಡಿ, ಪಾರ್ಕು, ಇಲಿ ನಿಯಂತ್ರಣ ಈ ನಾಲ್ಕನ್ನು ಬೇರೆ ಬೇರೆ ಮೇಜಿನ ಕಡತಗಳಾಗಿ ನೋಡದೆ ಒಂದೇ ಆರೋಗ್ಯ ಯೋಜನೆಯಾಗಿ ನೋಡುವ ಪಾಲಿಕೆ ನಮಗೆ ಬೇಕು.

ನಾಗರಿಕರಾಗಿ ನಾವು ಮಾಡಬಹುದಾದ್ದೂ ಇದೆ. ನಿಮ್ಮ ಬಡಾವಣೆಯ ಅನುಮೋದಿತ ನಕ್ಷೆಯನ್ನು ತೆಗೆಸಿ ನೋಡಿ. ಪಾರ್ಕು, ಮೈದಾನ, ಹಿತ್ತಲ ಓಣಿ ಎಂದು ಬರೆದಿರುವ ಜಾಗ ಇಂದು ಏನಾಗಿದೆ ಎಂದು ನಡೆದು ಹೋಗಿ ನೋಡಿ. ಒತ್ತುವರಿ ಕಂಡರೆ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಲಿಖಿತ ದೂರು ಕೊಡಿ, ಕಾನೂನು ನಿಮ್ಮ ಪರವಾಗಿದೆ. ಖಾಲಿ ಸೈಟಿಗೆ ಕಸ ಎಸೆಯಬೇಡಿ. ಬಾಗಿಲ ಕೆಳಗಿನ ಸಂದು ಮುಚ್ಚಿಸಿ, ಮೋರಿಯ ಬಾಯಿಗೆ ಜಾಲರಿ ಹಾಕಿಸಿ. ಮಳೆ ನೀರಲ್ಲಿ ನಡೆದ ಮೇಲೆ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ವಿಷ ಇಡದಿದ್ದರೂ ಒಂದೇ ಕಡೆ ಹಲವು ಇಲಿಗಳು ಸತ್ತು ಬಿದ್ದರೆ ಮುಟ್ಟದೆ ಆರೋಗ್ಯಾಧಿಕಾರಿಗೆ ತಿಳಿಸಿ. ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಬೂಟು, ಕೈಗವಸು ಸಿಕ್ಕಿದೆಯೇ ಎಂದು ವಿಚಾರಿಸಿ, ಸಿಕ್ಕಿಲ್ಲವಾದರೆ ಅವರ ಪರವಾಗಿ ಕೇಳಿ.

ಪಾರ್ಕಿನ ಒಂದು ಗುಂಟೆ ಹೋದಾಗ ಹೋಗುವುದು ಹುಲ್ಲು, ಬೆಂಚು ಮಾತ್ರವಲ್ಲ. ಸಾವಿರಾರು ಸಾವುಗಳ ಮೇಲೆ ಈ ಊರು ಕಲಿತು ಕಟ್ಟಿಕೊಂಡ ರಕ್ಷಣೆಯೂ ಹೋಗುತ್ತದೆ. ಅದನ್ನು ಬಿಟ್ಟುಕೊಡುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ, ಸುಮ್ಮನಿದ್ದು ಕಳೆದುಕೊಳ್ಳುವ ಹಕ್ಕು ನಮಗೂ ಇಲ್ಲ.